ಮಕ್ಕಳ ಕೈಗೆ ಕೊಟ್ಟ ಫೋನು, ಮಕ್ಕಳಿಂದ ಕಿತ್ತುಕೊಂಡ ಬೀದಿ

(ದಾವಣಗೆರೆಯಲ್ಲಿ ಭಾನುವಾರ ಸಂಜೆ ಮಿಲ್ ಕಾರ್ಮಿಕರ ಹಾಗೂ ಬೀದಿಯ ಅಂಗಡಿಕಾರರ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣ. ಸಭಿಕರ ಅಪೇಕ್ಷೆಯಂತೆ ಅಚ್ಚಿಗೆ ಕೊಟ್ಟಿದೆ.)



ಈ ಸಭೆ ಗೊತ್ತುಮಾಡಿದಾಗ ನಮ್ಮ ಅಧ್ಯಕ್ಷರಿಗೆ ಒಂದು ಅನುಮಾನವಿತ್ತು. "ಕೂಲಿಯ ಪ್ರಶ್ನೆ ಬಿಟ್ಟು, ಹಮಾಲಿ ದರದ ಪ್ರಶ್ನೆ ಬಿಟ್ಟು, ಮಕ್ಕಳು ಮೊಬೈಲು ನೋಡುತ್ತವೆ ಎಂಬ ಮಾತಿಗೆ ಜನ ಬರುತ್ತಾರೆಯೆ ಮೇಷ್ಟ್ರೆ?" ಎಂದು ಕೇಳಿದರು. ಈಗ ಜಮಖಾನೆ ಸಾಲದೆ ಖಾಲಿ ಚೀಲ ಹಾಸಿದ್ದೇವೆ. ನಮ್ಮ ಸಭೆಗಳಿಗೆ ಎಂದೂ ಬಾರದ ತಾಯಂದಿರು ಇಂದು ಅರ್ಧಕ್ಕಿಂತ ಹೆಚ್ಚಾಗಿದ್ದಾರೆ. ಅಂದಮೇಲೆ ಇದು ಎಲ್ಲರ ಮನೆಯಲ್ಲೂ ಒಲೆಯ ಮೇಲಿರುವ ಪ್ರಶ್ನೆಯೆಂದು ನಾನು ತಿಳಿಯುತ್ತೇನೆ.

ಉಪದೇಶ ಮಾಡುವುದಕ್ಕೆ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಇಲ್ಲಿ ಕುಳಿತಿರುವ ಕೆಲವರಿಗೆ ಆ ಫೋನನ್ನು ಕೊಳ್ಳಿರೆಂದು ಹೇಳಿದವನು ನಾನೇ. 2020ರ ಮಾರ್ಚಿಯಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದವು. ಆಗ ನಾನು ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಮೂರನೆಯ, ನಾಲ್ಕನೆಯ ತರಗತಿಗಳಿಗೆ ಪಾಠ ಹೇಳುತ್ತಿದ್ದೆ. ಪಾಠವೆಲ್ಲ ಇನ್ನು ಫೋನಿನಲ್ಲೇ, ಪ್ರತಿ ಪೋಷಕರಿಗೂ ಹೇಳಿ ಫೋನು ಕೊಡಿಸಿ ಎಂದು ಆಡಳಿತದವರು ನಮಗೆ ಅಪ್ಪಣೆ ಮಾಡಿದರು. ನಾನು ಮೂವತ್ತೆಂಟು ಮನೆಗಳಿಗೆ ಹೇಳಿದೆ. ಒಬ್ಬ ಹಮಾಲಿ ಬಂಧು, "ಎಷ್ಟರದ್ದು ತಗೊಳ್ಳಲಿ ಮೇಷ್ಟ್ರೆ?" ಎಂದು ಮಾತ್ರ ಕೇಳಿದರು. ಬೇಕೆ ಬೇಡವೆ ಎಂದು ಕೇಳಲಿಲ್ಲ. ಮೇಷ್ಟ್ರು ಹೇಳಿದ ಮೇಲೆ ಮುಗಿಯಿತು. ಕಂತಿನ ಮೇಲೆ ತಂದರು.

ಆಮೇಲೆ ನಡೆದದ್ದನ್ನು ಕೇಳಿ. ಪಾಠ ಬೆಳಿಗ್ಗೆ ಹತ್ತಕ್ಕೆ. ಆ ಹೊತ್ತಿಗೆ ಫೋನು ತಂದೆಯ ಜೇಬಿನಲ್ಲಿ, ತಂದೆ ಮಿಲ್ಲಿನಲ್ಲಿ. ತಂದೆ ಮನೆಗೆ ಬಂದಾಗ ರಾತ್ರಿ ಎಂಟು. ಆಗ ಫೋನು ಮಗನ ಕೈಗೆ ಬರುತ್ತಿತ್ತು, ಪಾಠ ಬರುತ್ತಿರಲಿಲ್ಲ. ಪಾಠವಿಲ್ಲದ ಫೋನಿನಲ್ಲಿ ಏನೇನಿದೆಯೋ ಅದೆಲ್ಲ ಆ ಹುಡುಗನಿಗೆ ಸಿಕ್ಕಿತು. ನನ್ನ ಸಂಬಳವನ್ನು ಮೊದಲು ಅರ್ಧ ಮಾಡಿದರು, ಬಳಿಕ ಬರಬೇಡಿ ಎಂದರು. ಅದು ಬೇರೆ ಕಥೆ, ಇಂದು ಬೇಡ.

ಅದೇ ವರ್ಷ ಆಗಸ್ಟಿನಲ್ಲಿ ಸರ್ಕಾರಿ ಶಾಲೆಗಳ ಮೇಷ್ಟ್ರುಗಳು ವಿದ್ಯಾಗಮ ಎಂಬ ಹೆಸರಿನಲ್ಲಿ ಓಣಿ ಓಣಿಗೆ ಹೋಗಿ, ಗುಡಿಯ ಕಟ್ಟೆಯ ಮೇಲೆ, ಮರದ ನೆರಳಿನಲ್ಲಿ ಮಕ್ಕಳನ್ನು ದೂರ ದೂರ ಕೂಡಿಸಿ ಪಾಠ ಹೇಳಿದರು. ರೋಗ ಹರಡುವ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಒಂದರಿಂದ ಐದನೆಯ ತರಗತಿಯವರೆಗೆ ಶಾಲೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಲೆಕ್ಕ ಹಾಕಿರಿ: ಒಂದನೆಯ ತರಗತಿಯ ಕೊನೆಯಲ್ಲಿ ಮನೆಗೆ ಹೋದ ಮಗು ಮೂರನೆಯ ತರಗತಿಯ ನಡುವೆ ಶಾಲೆಗೆ ಬಂದಿತು. ಹತ್ತೊಂಬತ್ತು ತಿಂಗಳು! ಆ ಹತ್ತೊಂಬತ್ತು ತಿಂಗಳಲ್ಲಿ ಕಲಿತ ಚಾಳಿ ಶಾಲೆಯ ಗಂಟೆ ಬಾರಿಸಿದ ಕೂಡಲೆ ಬಿಟ್ಟುಹೋಗುವಂಥದಲ್ಲ.

ಫೋನೇ ಕೆಟ್ಟದ್ದು, ಒಗೆಯಿರಿ ಎಂದು ನಾನು ಹೇಳಲಾರೆ. ನಿಮ್ಮ ಕೂಲಿ ಬ್ಯಾಂಕಿಗೆ ಬಂದದ್ದು ಗೊತ್ತಾಗುವುದು ಅದರಲ್ಲೇ. ಅಂಗಡಿಯ ದುಡ್ಡು ಬರುವುದೂ ಅದರಲ್ಲೇ. ದೂರದೂರಿಗೆ ದುಡಿಯಲು ಹೋದ ಮಗನ ಮುಖ ಕಾಣುವುದೂ ಅದರಲ್ಲೇ. ಆದರೆ ಮಕ್ಕಳು ಅದನ್ನು ಓದಿಗೆಂದು ಹಿಡಿದಿದ್ದಾರೆ ಎಂದು ನಮ್ಮನ್ನು ನಾವು ಮೋಸಮಾಡಿಕೊಳ್ಳುವುದು ಬೇಡ. ದೇಶದ ಹಳ್ಳಿಗಾಡಿನಲ್ಲಿ ಮನೆ ಮನೆಗೆ ಹೋಗಿ ಕೇಳಿ ಬರೆದ ಅಸರ್ ಎಂಬ ವರದಿಯಿದೆ. 2024ರ ಆ ವರದಿಯ ಪ್ರಕಾರ, ಹದಿನಾಲ್ಕರಿಂದ ಹದಿನಾರು ವರ್ಷದ, ಫೋನು ಬಳಸಬಲ್ಲ ಮಕ್ಕಳಲ್ಲಿ ಹಿಂದಿನ ವಾರ ಓದಿಗಾಗಿ ಫೋನು ಮುಟ್ಟಿದವರು ಶೇಕಡಾ 57. ಸಾಮಾಜಿಕ ಜಾಲಗಳಿಗಾಗಿ ಮುಟ್ಟಿದವರು ಶೇಕಡಾ 76. ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾವ ಸರಕಿಗೆ ಗಿರಾಕಿ ಹೆಚ್ಚೆಂದು ನಿಮಗೆ ಗೊತ್ತು.

ಕೂಸುಗಳ ತಾಯಂದಿರಿಗೆ ಒಂದೇ ಮಾತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ: ವರ್ಷದೊಳಗಿನ ಕೂಸಿಗೆ ಪರದೆ ಬೇಡವೇ ಬೇಡ; ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ತುತ್ತು ತಿನ್ನಿಸುವಾಗ ಫೋನು ಹಚ್ಚಿಡುವ ಪರಿಪಾಠ ನಮ್ಮ ಚಾಳಿನಲ್ಲೂ ಇದೆ. ಮೊದಲು ಕಾಗೆ ಗುಬ್ಬಿ ತೋರಿಸುತ್ತಿದ್ದೆವು. ಕಾಗೆ ಹಾರಿಹೋಗುತ್ತಿತ್ತು, ಊಟವೂ ಮುಗಿಯುತ್ತಿತ್ತು. ಫೋನಿನ ಕಾಗೆ ಹಾರಿಹೋಗುವುದಿಲ್ಲ. (ನಗು)

ನಗುವ ಮಾತಲ್ಲ, ಅದರ ಮರ್ಮ ಇರುವುದೇ ಅಲ್ಲಿ. ನಮ್ಮ ಹಿರಿಯರು ಹತ್ತಿ ಮಿಲ್ಲುಗಳಲ್ಲಿ ದುಡಿದವರು. ಆ ಮಿಲ್ಲುಗಳು ನಿಂತು ದಶಕಗಳಾದವು, ಆದರೆ ಸೈರನ್ ಕೂಗಿದರೆ ಊರಿಗೆಲ್ಲ ಹೊತ್ತು ತಿಳಿಯುತ್ತಿತ್ತೆಂದು ಹೇಳುವವರು ಇನ್ನೂ ಇದ್ದಾರೆ. ಎಂಥ ಮಾಲೀಕನ ಮಿಲ್ಲಿಗೂ ಪಾಳಿಯ ಕೊನೆಯೆಂಬುದುಂಟು. ಪುಸ್ತಕಕ್ಕೆ ಕೊನೆಯ ಹಾಳೆಯುಂಟು, ಬಯಲಾಟಕ್ಕೂ ಮಂಗಳ ಉಂಟು. ಫೋನಿನ ಹಾಳೆಗೆ ಮಾತ್ರ ಕೊನೆಯಿಲ್ಲ. ಬೆರಳಿನಿಂದ ಮೇಲಕ್ಕೆ ತಳ್ಳಿದಷ್ಟೂ ಕೆಳಗಿನಿಂದ ಬರುತ್ತಲೇ ಇರುತ್ತದೆ. ಇದು ತಾನಾಗಿ ಆದದ್ದಲ್ಲ. 2006ರಲ್ಲಿ ಏಜಾ ರಾಸ್ಕಿನ್ ಎಂಬ ಅಮೆರಿಕದ ವಿನ್ಯಾಸಗಾರ ಕೊನೆಯಿಲ್ಲದ ಈ ಹಾಳೆಯನ್ನು ರೂಪಿಸಿದ. ಮುಂದೆ ಅವನೇ ಅದಕ್ಕಾಗಿ ಪಶ್ಚಾತ್ತಾಪಪಟ್ಟ. ನಮ್ಮ ಮಗು ಎಷ್ಟು ಹೊತ್ತು ನೋಡಿದರೆ ಅಷ್ಟು ಜಾಹೀರಾತು, ಅಷ್ಟು ಲಾಭ. ಎಂಟು ವರ್ಷದ ಹುಡುಗ ಅಲ್ಲಿ ಗಿರಾಕಿಯಲ್ಲ, ಸರಕು. ಅವನ ಹೊತ್ತೇ ಮಾರಾಟವಾಗುತ್ತಿದೆ. ಆದ್ದರಿಂದ "ನನ್ನ ಮಗನಿಗೆ ಮನಸ್ಸು ಗಟ್ಟಿಯಿಲ್ಲ" ಎಂದು ಮಗನನ್ನು ಹೊಡೆಯುವುದು ನ್ಯಾಯವಲ್ಲ. ಬಿಡಬಾರದೆಂದೇ ಮಾಡಿದ ಯಂತ್ರವನ್ನು ಕೈಗಿಟ್ಟು, ಬಿಡಲಿಲ್ಲವೆಂದು ಹೊಡೆದರೆ ಹೇಗೆ?

ಇಷ್ಟು ಫೋನಿನ ಮಾತು. ಆದರೆ ನಾನು ಇಂದು ಹೇಳಬೇಕೆಂದು ಬಂದದ್ದು ಅರ್ಧ ಮಾತ್ರ ಇದು. ಇನ್ನರ್ಧವನ್ನು ನಾವು ಆಡುವುದೇ ಇಲ್ಲ. ಫೋನು ಕೊಟ್ಟದ್ದನ್ನು ಕಂಡೆವು, ಅದಕ್ಕೆ ಮೊದಲೇ ಮಕ್ಕಳಿಂದ ಏನನ್ನು ಕಿತ್ತುಕೊಂಡಿದ್ದೆವು ಎಂಬುದನ್ನು ಕಾಣಲಿಲ್ಲ.

ಕಳೆದ ವರ್ಷ ನಡೆದದ್ದು. ನನ್ನ ಮಗಳಿಗೆ ಒಂಬತ್ತು ವರ್ಷ. ಮನೆಗೆ ನೆಂಟರು ಬಂದಿದ್ದರು. ಐವತ್ತು ರೂಪಾಯಿ ನೋಟು ಕೊಟ್ಟು, ಇಪ್ಪತ್ತು ರೂಪಾಯಿ ಮಂಡಕ್ಕಿ, ಹತ್ತು ರೂಪಾಯಿ ಪುಟಾಣಿ ತಾ ಎಂದೆ. ಅಂಗಡಿ ಮೂಲೆಯಲ್ಲೇ ಇದೆ. ಅವಳು ನೋಟನ್ನು ತಿರುಗಿಸಿ ನೋಡಿ, "ಫೋನು ಕೊಡಪ್ಪಾ, ಸ್ಕ್ಯಾನ್ ಮಾಡೋದಲ್ವಾ?" ಎಂದಳು. ನೋಟೇ ಒಯ್ಯಿ ಎಂದೆ. ಬಾಗಿಲವರೆಗೆ ಹೋಗಿ ನಿಂತಳು. "ಒಬ್ಬಳೇ ಹೋಗಲಾ?" ಎಂದಳು. ಅವಳ ಮುಖದಲ್ಲಿದ್ದದ್ದು ಸೋಮಾರಿತನವಲ್ಲ ಮಿತ್ರರೆ, ಭಯ. ಬಗ್ಗಿ ನೋಡಿದರೆ ಕಾಣುವ ಅಂಗಡಿ! ಅವಳಜ್ಜಿಯ ಮನೆ ಮೂರು ಓಣಿಯಾಚೆ. ಅದಕ್ಕೆ ದಾರಿ ಕೇಳಿದೆ, ಗೊತ್ತಿಲ್ಲ. ಹುಟ್ಟಿದಂದಿನಿಂದ ಬೈಕಿನ ಮುಂದೆ ಕೂಡಿಸಿಕೊಂಡು ಹೋಗಿದ್ದೇವೆ. ದಾರಿ ಹೇಗೆ ಗೊತ್ತಾದೀತು? ಜನರಿಗೆ ಸಂಘಟನೆ ಕಲಿಸುತ್ತೇನೆಂದು ಊರೂರು ಅಲೆಯುವವನ ಮಗಳು ಮಂಡಕ್ಕಿ ತರಲು ಹೆದರಿದಳು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಅವಳು ಸಂಜೆಯೆಲ್ಲ ಫೋನು ನೋಡುತ್ತಾಳೆಂದು ನಾನು ಬೈದ ದಿನಗಳೆಲ್ಲ ನೆನಪಾದವು. ಬಾಗಿಲಾಚೆಯ ಲೋಕವನ್ನು ನಾನು ಮುಚ್ಚಿದ್ದೆ, ಫೋನೊಂದನ್ನೇ ತೆರೆದಿಟ್ಟಿದ್ದೆ. ಅವಳು ತೆರೆದ ಬಾಗಿಲಿಗೆ ಹೋದಳು.

ಇದು ನನ್ನ ಮನೆಯ ಕಥೆ ಮಾತ್ರವಲ್ಲ. ನಾನು ಮೆಟ್ರಿಕ್ ಓದಿದವನು. ಇಂಗ್ಲಿಷ್ ಪುಸ್ತಕಗಳು ನನಗೆ ಸುಲಭವಲ್ಲ. ಕಾಲೇಜಿನಲ್ಲಿ ಪಾಠ ಹೇಳುವ ಸ್ನೇಹಿತರೊಬ್ಬರು ಓದಿ ಹೇಳಿದ್ದನ್ನು ನಿಮಗೆ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ಮೇಯರ್ ಹಿಲ್‌ಮನ್ ಎಂಬವರು ಮತ್ತು ಅವರ ಜೊತೆಗಾರರು ಒಂದು ಲೆಕ್ಕ ತೆಗೆದರು. ಏಳೆಂಟು ವರ್ಷದ ಮಕ್ಕಳಲ್ಲಿ ದೊಡ್ಡವರ ಜೊತೆಯಿಲ್ಲದೆ ಶಾಲೆಗೆ ಹೋಗುತ್ತಿದ್ದವರು 1971ರಲ್ಲಿ ನೂರಕ್ಕೆ 80 ಮಂದಿ. 1990ರಲ್ಲಿ ನೂರಕ್ಕೆ 9 ಮಂದಿ. 1990ರಲ್ಲಿ ಸ್ಮಾರ್ಟ್ ಫೋನೆಲ್ಲಿತ್ತು? ಇರಲಿಲ್ಲ. ಬೀದಿಗೆ ಕಾರು ಬಂದಿತು, ತಾಯಿತಂದೆಗಳಿಗೆ ಭಯ ಬಂದಿತು, ಮಗು ಒಳಗೆ ಹೋಯಿತು. ಫೋನು ಬಂದದ್ದು ಆಮೇಲೆ, ಒಳಗೆ ಕುಳಿತಿದ್ದ ಮಗುವನ್ನು ಹುಡುಕಿಕೊಂಡು.

2023ರಲ್ಲಿ ಪೀಟರ್ ಗ್ರೇ, ಡೇವಿಡ್ ಲ್ಯಾನ್ಸಿ, ಡೇವಿಡ್ ಬ್ಯೋರ್ಕ್ಲಂಡ್ ಎಂಬ ಮೂವರು ವಿದ್ವಾಂಸರು ಮಕ್ಕಳ ವೈದ್ಯರ ಪತ್ರಿಕೆಯೊಂದರಲ್ಲಿ ಬರೆದರು: ಅಮೆರಿಕದಲ್ಲಿ ಅನೇಕ ದಶಕಗಳಿಂದ ಮಕ್ಕಳ ಮನಸ್ಸಿನ ನೆಮ್ಮದಿ ಕೆಡುತ್ತ ಬಂದಿದೆ, ದೊಡ್ಡವರ ಕಾವಲಿಲ್ಲದೆ ಆಡುವ, ತಿರುಗಾಡುವ, ತಾನೇ ಒಂದು ಕೆಲಸ ಮಾಡುವ ಅವಕಾಶ ಕಡಿಮೆಯಾದದ್ದು ಇದಕ್ಕೆ ದೊಡ್ಡ ಕಾರಣ. ಜೊನಾಥನ್ ಹೈಟ್ ಎಂಬ ಪ್ರಾಧ್ಯಾಪಕರು 2024ರ ತಮ್ಮ ಪುಸ್ತಕದಲ್ಲಿ ಫೋನಿನ ಮೇಲೆ ಹೆಚ್ಚು ಹೊರೆ ಹೊರಿಸುತ್ತಾರೆ. ಆದರೆ ಅವರೂ, ಹೊರಗಿನ ಲೋಕದಲ್ಲಿ ಮಕ್ಕಳನ್ನು ಅತಿಯಾಗಿ ಕಾಯುತ್ತೇವೆ, ಫೋನಿನೊಳಗೆ ಕಾಯುವುದೇ ಇಲ್ಲ ಎನ್ನುತ್ತಾರೆ. ಅವರ ಲೆಕ್ಕವನ್ನು ಎಲ್ಲ ಪಂಡಿತರೂ ಒಪ್ಪಿಲ್ಲ. ಫೋನೇ ಕಾರಣವೆಂದು ರುಜುವಾತಾಗಿಲ್ಲ ಎಂದು ವಾದಿಸುವವರೂ ಇದ್ದಾರೆ. ಆ ಜಗಳವನ್ನು ಅವರಿಗೆ ಬಿಡೋಣ. ಮಗು ಬೀದಿಗಿಳಿದು ನಾಲ್ಕು ಮಕ್ಕಳ ಜೊತೆ ಆಡಿದರೆ ಅದಕ್ಕೆ ಕೆಡುಕಾಗುತ್ತದೆಂದು ಎರಡು ಪಕ್ಷದವರಲ್ಲಿ ಯಾರೂ ಹೇಳಿಲ್ಲ.

ಆಟವೆಂದರೆ ಕಾಲ ಕಳೆಯುವುದು ಎಂದು ನಾವು ತಿಳಿದಿದ್ದೇವೆ. ಮೇಷ್ಟ್ರಾಗಿದ್ದಾಗ ನಾನೂ ಹಾಗೇ ತಿಳಿದಿದ್ದೆ. ಲಗೋರಿ ಆಡುವ ಹುಡುಗರನ್ನು ಹತ್ತು ನಿಮಿಷ ನಿಂತು ನೋಡಿರಿ. ಅರ್ಧ ಹೊತ್ತು ಆಟವೇ ಅಲ್ಲ, ವ್ಯಾಜ್ಯ! ಚೆಂಡು ತಗುಲಿತೆ ಇಲ್ಲವೆ, ಯಾರು ಯಾವ ಕಡೆ, ಸಣ್ಣವನಿಗೆ ಎಷ್ಟು ರಿಯಾಯಿತಿ. ಸಣ್ಣವನನ್ನು ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಸೇರಿಸಿಕೊಳ್ಳುತ್ತಾರೆ. ಇದು ಸಣ್ಣ ಕಾನೂನಲ್ಲ. ಕೂಗಾಡಿ ಆಟ ನಿಲ್ಲಿಸಿದರೆ ಎಲ್ಲರಿಗೂ ನಷ್ಟ, ಆದ್ದರಿಂದ ತಾವೇ ಒಂದು ತೀರ್ಮಾನಕ್ಕೆ ಬರುತ್ತಾರೆ. ನಮ್ಮ ಸಂಘದ ಕಾರ್ಯಕಾರಿ ಸಭೆಗಳಲ್ಲಿ ನಾವು ಅಷ್ಟು ಬೇಗ ತೀರ್ಮಾನಕ್ಕೆ ಬರುವುದನ್ನು ನಾನು ಕಂಡಿಲ್ಲ. (ನಗು) ಫೋನಿನ ಆಟದಲ್ಲಿ ವ್ಯಾಜ್ಯವಿಲ್ಲ. ಅಲ್ಲಿ ನ್ಯಾಯ ಹೇಳುವುದು ಯಂತ್ರ. ಸಿಟ್ಟು ಬಂದರೆ ಮುಚ್ಚಿ ಇನ್ನೊಂದು ಆಟ ತೆರೆದರಾಯಿತು, ಎದುರಿನವನ ಮುಖ ನೋಡಬೇಕಾಗಿಲ್ಲ.

ಈಗ ಅಂಗಡಿಕಾರ ಬಂಧುಗಳಿಗೆ ಎರಡು ಮಾತು. ನಾನು ಹುಡುಗನಾಗಿದ್ದಾಗ ಹುಣಸೆಹಣ್ಣು, ಸೀಮೆಎಣ್ಣೆ ತರಲು ಹೋಗುತ್ತಿದ್ದೆ. ಅಂಗಡಿಯಜ್ಜ ಚಿಲ್ಲರೆಯನ್ನು ನನ್ನ ಕೈಯಲ್ಲಿ ಒಂದೊಂದಾಗಿ ಎಣಿಸಿ ಇಡುತ್ತಿದ್ದ, ನನ್ನಿಂದಲೂ ಎಣಿಸುತ್ತಿದ್ದ. ಶಾಲೆ ತಪ್ಪಿಸಿ ಗೋಲಿಯಾಡಿದರೆ ಸಂಜೆಗೆ ಅಪ್ಪನಿಗೆ ವರದಿಯೂ ಅವನದೇ. ಆಗ ಅವನ ಮೇಲೆ ನನಗೆ ಬಹಳ ಸಿಟ್ಟಿತ್ತು. ಅಮೆರಿಕದಲ್ಲಿ ಜೇನ್ ಜೇಕಬ್ಸ್ ಎಂಬ ಹೆಣ್ಣುಮಗಳು 1961ರಲ್ಲಿ ಊರುಗಳನ್ನು ಕುರಿತು ಒಂದು ದೊಡ್ಡ ಪುಸ್ತಕ ಬರೆದಳು. ಬೀದಿಯನ್ನು ಕಾಯುವವರು ಪೊಲೀಸರಿಗಿಂತ ಹೆಚ್ಚಾಗಿ ಬೀದಿಯ ಕಣ್ಣುಗಳು, ಅಂದರೆ ಅಂಗಡಿಯವರು, ಜಗುಲಿಯ ಮೇಲೆ ಕುಳಿತವರು, ಕಿಟಕಿಯಿಂದ ನೋಡುವವರು ಎಂಬುದು ಅವಳ ಮಾತಿನ ಸಾರ. ಆ ಪುಸ್ತಕದ ಮಾತನ್ನು ನಮ್ಮ ಅಂಗಡಿಯಜ್ಜ ಓದದೆಯೇ ಪಾಲಿಸಿದ್ದ. ನೀವು ಈಗ ಆ ಕೆಲಸ ಮಾಡುತ್ತಿದ್ದೀರಾ? ಗಿರಾಕಿ ಇಲ್ಲದ ಹೊತ್ತಿನಲ್ಲಿ ನಿಮ್ಮ ತಲೆಯೂ ಫೋನಿನೊಳಗೆ ಬಗ್ಗಿರುತ್ತದೆ. ಬೀದಿಯ ಕಣ್ಣುಗಳು ಅಲ್ಲಿಗೆ ಹೋದರೆ ಬೀದಿಯನ್ನು ನೋಡುವವರು ಯಾರು?

ಈ ಮಾತನ್ನು ನಾನು ಹಿಂದೊಮ್ಮೆ ಮಂಡಕ್ಕಿ ಭಟ್ಟಿಯವರ ಸಭೆಯಲ್ಲಿ ಆಡಿದಾಗ ಒಬ್ಬ ತಾಯಿ ಎದ್ದು ನಿಂತರು. "ಮೇಷ್ಟ್ರೆ, ನೀವು ಹೇಳಿ ಹೋಗ್ತೀರಿ. ನಾನು ಭಟ್ಟಿ ಮುಂದೆ ಇರ್ತೀನಿ, ಮಗಳು ಬೀದ್ಯಾಗೆ ಇರ್ತಾಳೆ. ಏನಾದ್ರೂ ಆದ್ರೆ ನಿಮ್ಮ ಪಾರ್ಟಿ ಬರ್ತೈತಾ? ಫೋನು ಕೊಟ್ಟು ಚಿಲಕ ಹಾಕಿ ಬಂದ್ರೆ ನನ್ನ ಎದೆ ತಣ್ಣಗೆ ಇರ್ತೈತೆ" ಎಂದರು. ಸಭೆ ಸುಮ್ಮನಾಯಿತು. ನಾನೂ ಸುಮ್ಮನಾದೆ. ಅವರು ತಪ್ಪು ಹೇಳಿರಲಿಲ್ಲ.

ಆ ತಾಯಿಯ ಭಯದಲ್ಲಿ ಎರಡಿವೆ. ಒಂದು ವಾಹನ. ಇದು ನಿಜವಾದ ಭಯ, ಇದಕ್ಕೆ ಧೈರ್ಯ ಹೇಳಿದರೆ ಸಾಲದು. ನೆದರ್ಲೆಂಡ್ಸ್ ದೇಶದಲ್ಲಿ 1971ನೆಯ ಇಸವಿಯೊಂದರಲ್ಲೇ ರಸ್ತೆಯಲ್ಲಿ ಸತ್ತವರು ಮೂರು ಸಾವಿರಕ್ಕೂ ಹೆಚ್ಚು, ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಹಾಗೆ ಕಳೆದುಕೊಂಡ ಒಬ್ಬ ಪತ್ರಿಕೆಯವನು 1972ರಲ್ಲಿ ಮಕ್ಕಳ ಕೊಲೆ ನಿಲ್ಲಿಸಿ ಎಂಬ ತಲೆಬರಹ ಕೊಟ್ಟು ಬರೆದ. ಅದೇ ಹೆಸರಿನಲ್ಲಿ ತಾಯಿತಂದೆಗಳ ಚಳವಳಿಯೇ ಎದ್ದಿತು. ಅವರು ಮಕ್ಕಳನ್ನು ಮನೆಯಲ್ಲಿ ಕೂಡಿಹಾಕಲಿಲ್ಲ. ರಸ್ತೆಯನ್ನು ಅಡ್ಡಗಟ್ಟಿ, ಅಲ್ಲಿ ಆಡಿ, ಊಟದ ಮೇಜು ಹಾಕಿ ಕುಳಿತರು. ಇಂದು ಆ ದೇಶದಲ್ಲಿ ಮಕ್ಕಳು ತಾವಾಗಿ ಸೈಕಲ್ ತುಳಿದು ಶಾಲೆಗೆ ಹೋಗುವುದು ಸಾಮಾನ್ಯ. ಅದು ಅವರ ಹುಟ್ಟುಗುಣವಲ್ಲ, ಹೋರಾಡಿ ಪಡೆದದ್ದು. ನಮ್ಮ ಓಣಿಯ ಎರಡು ತುದಿಗೂ ರಸ್ತೆಯುಬ್ಬು ಹಾಕಿಸಲು ನಾವು ಎಷ್ಟು ಸಲ ಪಾಲಿಕೆಗೆ ಹೋದೆವು? ಒಂದು ಸಲವೂ ಹೋಗಿಲ್ಲ. ನೀರಿಗೆ ಹೋಗಿದ್ದೇವೆ, ಚರಂಡಿಗೆ ಹೋಗಿದ್ದೇವೆ.

ಇನ್ನೊಂದು, ಮನುಷ್ಯರ ಭಯ. ಹೆಣ್ಣುಮಕ್ಕಳ ತಾಯಂದಿರಿಗೆ ಇದು ಎದೆಯ ಮೇಲಿನ ಕಲ್ಲು. ಇದನ್ನು ಹಗುರವಾಗಿ ಆಡುವವನು ಮೂರ್ಖ. ಆದರೆ ಒಂದು ಸತ್ಯ ತಿಳಿದಿರಬೇಕು. ಮಕ್ಕಳ ಮೇಲಿನ ಅತ್ಯಾಚಾರದ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಕಡೆ ಅಪರಾಧಿ ಆ ಮಗುವಿಗೆ ಪರಿಚಿತನೇ ಎಂದು ಸರ್ಕಾರದ ಅಪರಾಧ ದಾಖಲೆಗಳು ಹೇಳುತ್ತವೆ. ನೆಂಟ, ನೆರೆಯವ, ಗೊತ್ತಿದ್ದವ. ಚಿಲಕ ಹಾಕಿದ ಬಾಗಿಲನ್ನು ತೆರೆಸಬಲ್ಲವನು ಅವನೇ. ನಾಲ್ಕು ಮಕ್ಕಳ ಗುಂಪಿನಲ್ಲಿ, ಹತ್ತು ಅಂಗಡಿಗಳ ಕಣ್ಣಿನೆದುರಿಗೆ ಆಡುವ ಹುಡುಗಿ, ಮುಚ್ಚಿದ ಮನೆಯಲ್ಲಿ ಒಬ್ಬಳೇ ಫೋನು ಹಿಡಿದು ಕುಳಿತವಳಿಗಿಂತ ಹೆಚ್ಚು ಅಪಾಯದಲ್ಲಿದ್ದಾಳೆಯೆ? ಯೋಚಿಸಿರಿ. ಯಾರ ಮಾತು ಕೇಳಬಾರದು, ಯಾವಾಗ ಕೂಗಬೇಕು, 1098 ಎಂಬುದು ಮಕ್ಕಳ ಸಹಾಯವಾಣಿ, ಇಷ್ಟನ್ನು ಕಲಿಸಿದರೆ ಅದೂ ಒಂದು ಕಾವಲು. ಆ ತಾಯಿಗೆ ಅಂದು ನಾನು ಇಷ್ಟನ್ನೂ ಹೇಳಲಿಲ್ಲ. "ನಿಮ್ಮ ಓಣಿಯಲ್ಲಿ ಸಂಜೆ ಯಾರಾದರೂ ಇಬ್ಬರು ದೊಡ್ಡವರು ಜಗುಲಿಯ ಮೇಲೆ ಕುಳಿತರೆ ಕಳಿಸುತ್ತೀರಾ?" ಎಂದು ಮಾತ್ರ ಕೇಳಿದೆ. "ಕುಂತ್ರೆ ಕಳಸ್ತೀನಿ" ಎಂದರು. ನಮ್ಮ ಓಣಿಯ ಕೆಲಸ ಆ ಮಾತಿನಿಂದ ಶುರುವಾಯಿತು.

ಅದನ್ನು ಹೇಳುವ ಮೊದಲು ಇನ್ನೊಂದು ದೂರದ ಕಥೆ, ನಿಮಗೆ ಹಿಡಿಸುತ್ತದೆ. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಎಂಡ್ರಪ್ ಎಂಬಲ್ಲಿ ಕಾರ್ಮಿಕರು ಸಹಕಾರದಿಂದ ಕಟ್ಟಿಕೊಂಡ ಬಡಾವಣೆಯಿತ್ತು. 1943ನೆಯ ಇಸವಿ, ದೇಶ ಜರ್ಮನರ ವಶದಲ್ಲಿತ್ತು. ಸೋರೆನ್ಸನ್ ಎಂಬ ಉದ್ಯಾನ ವಿನ್ಯಾಸಗಾರ ಒಂದು ವಿಚಿತ್ರ ಕಂಡಿದ್ದ. ಅವನು ಚೆಂದವಾಗಿ ಕಟ್ಟಿಕೊಟ್ಟ ಆಟದ ಬಯಲುಗಳಿಗಿಂತ ಮನೆ ಕಟ್ಟುವ ಜಾಗದ ಇಟ್ಟಿಗೆ, ಹಲಗೆಗಳ ನಡುವೆಯೇ ಮಕ್ಕಳಿಗೆ ಹೆಚ್ಚು ಖುಷಿ. ಆದ್ದರಿಂದ ಒಂದು ಬಯಲಿನಲ್ಲಿ ಹಳೆಯ ಹಲಗೆ, ಪೆಟ್ಟಿಗೆ, ಹಗ್ಗ, ಇಟ್ಟಿಗೆ ಸುರಿದು, ಸುತ್ತಿಗೆ ಗರಗಸ ಕೊಟ್ಟು, ಜಾನ್ ಬರ್ಟೆಲ್ಸನ್ ಎಂಬ ಒಬ್ಬ ದೊಡ್ಡವರನ್ನು ಮಾತ್ರ ಅಲ್ಲಿಟ್ಟರು. ಹೀಗೆ ಆಡಿ ಎಂದು ಹೇಳುವುದು ಅವರ ಕೆಲಸವಲ್ಲ. ಮಕ್ಕಳು ಗುಡಿಸಲು ಕಟ್ಟಿದರು, ಕೆಡವಿದರು, ಮತ್ತೆ ಕಟ್ಟಿದರು. 1946ರಲ್ಲಿ ಇಂಗ್ಲೆಂಡಿನ ಲೇಡಿ ಅಲೆನ್ ಎಂಬಾಕೆ ಇದನ್ನು ಕಂಡು ಹೋಗಿ, ಬಾಂಬು ಬಿದ್ದು ಹಾಳಾಗಿದ್ದ ತಮ್ಮ ಊರಿನ ಜಾಗಗಳಲ್ಲೂ ಇಂಥ ಬಯಲುಗಳಾಗಬೇಕೆಂದು ದುಡಿದರು. ದುಡ್ಡಿದ್ದವರ ಕೆಲಸವಲ್ಲ ಇದು. ಒಡೆದ ಪೆಟ್ಟಿಗೆ, ಹಳೆಯ ಟಯರು, ಹಗ್ಗ ನಮ್ಮ ಮಿಲ್ಲುಗಳ ಹಿತ್ತಿಲಲ್ಲಿ ಬೇಕಾದಷ್ಟು ಬಿದ್ದಿವೆ.

ಜಾಗವೆಲ್ಲಿ ಎನ್ನುತ್ತೀರಿ. ಕಾಯಿದೆಯ ಮಾತು ಹೇಳುತ್ತೇನೆ. ಪ್ರತಿ ಶಾಲೆಗೂ ಆಟದ ಬಯಲಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿ ಹೇಳುತ್ತದೆ. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳನ್ನು ಕಾಪಾಡಲೆಂದೇ ಕರ್ನಾಟಕದಲ್ಲಿ 1985ರ ಕಾಯಿದೆಯೊಂದಿದೆ. ಮಕ್ಕಳಿಗೆ ಆಡುವುದು ಹಕ್ಕೆಂದು 1989ರ ವಿಶ್ವಸಂಸ್ಥೆಯ ಒಡಂಬಡಿಕೆ ಹೇಳಿದೆ, ಭಾರತ 1992ರಲ್ಲಿ ಅದಕ್ಕೆ ಸೇರಿದೆ. ಹೀಗಿರುವಾಗ ಶಾಲೆಯ ಬಯಲಿಗೆ ಸಂಜೆ ನಾಲ್ಕೂವರೆಗೆ ಬೀಗ ಬೀಳುತ್ತದೆ, ಪಾರ್ಕಿಗೆಂದು ಬಿಟ್ಟ ಜಾಗದಲ್ಲಿ ಮರಳು ಜಲ್ಲಿಯ ರಾಶಿ ಬೀಳುತ್ತದೆ.

ಇನ್ನು ನಮ್ಮ ಓಣಿ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರ ಆಗಸ್ಟಿನಿಂದ ದಿನಾ ಸಂಜೆ ಏಳಕ್ಕೆ ಗುಡಿಯ ಮೇಲಿನ ಸೈರನ್ ಕೂಗಿಸಿ, ಎಂಟೂವರೆಯವರೆಗೆ ಮನೆಗಳಲ್ಲಿ ಟೀವಿ, ಫೋನು ಬಂದು ಮಾಡುವ ಪದ್ಧತಿ ಹಾಕಿದರು. ಅದನ್ನು ಪತ್ರಿಕೆಯಲ್ಲಿ ಓದಿ ನಮಗೂ ಹುರುಪು ಬಂದಿತು. ನಮ್ಮಲ್ಲಿ ಸೈರನ್ ಇಲ್ಲ. ಒಬ್ಬಜ್ಜ ತಾಟು ಬಡಿಯುತ್ತಾರೆ. ಹದಿನಾಲ್ಕು ಮನೆ, ಆರರಿಂದ ಏಳೂವರೆ. ಮಕ್ಕಳ ಫೋನು ಮಾತ್ರವಲ್ಲ, ಎಲ್ಲರ ಫೋನೂ ಕೆಳಗೆ. ದಿನಕ್ಕಿಬ್ಬರು ದೊಡ್ಡವರು ಜಗುಲಿಯ ಮೇಲೆ ಕೂಡುವುದು, ಆಟದಲ್ಲಿ ಬಾಯಿ ಹಾಕಬಾರದು.

ಮೊದಲ ವಾರ ಗೋಳು. ಮಕ್ಕಳಿಗೆ ಆಡಲು ಬರುತ್ತಿರಲಿಲ್ಲ! ಬಂದು ನಿಂತರು, "ಏನು ಮಾಡಬೇಕು?" ಎಂದರು. ಮೂರನೆಯ ದಿನ ಇಬ್ಬರು ಹುಡುಗರು ಮೂಗಿನಲ್ಲಿ ರಕ್ತ ಬರುವಂತೆ ಹೊಡೆದಾಡಿದರು. ಎರಡು ಮನೆಯವರು ನಾಲ್ಕು ದಿನ ಮಾತು ಬಿಟ್ಟರು, ಆ ಹುಡುಗರು ಮಾತ್ರ ಮಾರನೆಯ ದಿನವೇ ಒಂದೇ ಕಡೆಯಿಂದ ಆಡಿದರು. ನಾನೇ ಎರಡು ಸಲ ಹಿತ್ತಿಲಿಗೆ ಹೋಗಿ ಕದ್ದು ಫೋನು ನೋಡಿ ಮಗಳ ಕೈಗೆ ಸಿಕ್ಕಿಬಿದ್ದೆ. ಅಜ್ಜ ಹತ್ತು ರೂಪಾಯಿ ದಂಡ ಹಾಕಿದರು. (ನಗು) ಎಲ್ಲಕ್ಕಿಂತ ದೊಡ್ಡ ತಪ್ಪು ನಮಗೆ ತಡವಾಗಿ ಕಂಡಿತು. ಗಂಡುಹುಡುಗರು ಇಡೀ ಓಣಿಯನ್ನು ಕ್ರಿಕೆಟ್ಟಿಗೆ ಹಿಡಿದಿದ್ದರು. ಹೆಣ್ಣುಮಕ್ಕಳು ಮೆಟ್ಟಿಲ ಮೇಲೆ ಕುಳಿತು ಚೆಂಡು ಎತ್ತಿಕೊಡುತ್ತಿದ್ದರು. ನಾವು ದೊಡ್ಡವರು ಯಾರೂ ಗಮನಿಸಲಿಲ್ಲ. ಒಬ್ಬ ಹುಡುಗಿ ಚೆಂಡನ್ನು ಎತ್ತಿಕೊಡದೆ ಲಂಗದಲ್ಲಿ ಮುಚ್ಚಿಕೊಂಡು ಕುಳಿತಾಗ ಗೊತ್ತಾಯಿತು. ಈಗ ವಾರದಲ್ಲಿ ಮೂರು ದಿನ ಓಣಿಯ ಮೇಲಿನ ಅರ್ಧ ಅವರದು. ಖೋ ಖೋ, ಕುಂಟಬಿಲ್ಲೆ, ಹಗ್ಗದಾಟ. ನನ್ನ ಮಗಳು ಈಗ ಮಂಡಕ್ಕಿ ತರುತ್ತಾಳೆ. ಅಜ್ಜಿಯ ಮನೆಗೆ ಒಬ್ಬಳೇ ಹೋಗಿ ಬರುತ್ತಾಳೆ. ಮೊದಲ ಸಲ ಹೋದಾಗ ಅವಳ ತಾಯಿ ಹಿಂದೆಯೇ ಕದ್ದು ಹೋಗಿದ್ದಳೆಂಬುದು ಅವಳಿಗೆ ಗೊತ್ತಿಲ್ಲ, ನೀವು ಹೇಳಬೇಡಿ. ಅವಳು ಫೋನು ನೋಡುವುದನ್ನು ಬಿಟ್ಟಿದ್ದಾಳೆಯೆ? ಇಲ್ಲ, ನೋಡುತ್ತಾಳೆ. ಆದರೆ ಕಿಟಕಿಯಲ್ಲಿ ಯಾರಾದರೂ ಹೆಸರು ಹಿಡಿದು ಕೂಗಿದರೆ ಫೋನು ಬಿಸಾಡಿ ಓಡುತ್ತಾಳೆ.

ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ ಹದಿನಾರು ವರ್ಷದೊಳಗಿನವರಿಗೆ ದೊಡ್ಡ ಸಾಮಾಜಿಕ ಜಾಲಗಳಲ್ಲಿ ಖಾತೆ ಇರಬಾರದೆಂದು ಕಾನೂನು ಜಾರಿಗೆ ಬಂದಿದೆ. ಹೊಣೆಯನ್ನು ಮಗುವಿನ ಮೇಲೆ ಹಾಕದೆ ಕಂಪನಿಯ ಮೇಲೆ ಹಾಕಿದ್ದಾರೆ, ಇದು ಸರಿಯಾದ ದಾರಿ ಎಂದು ನನ್ನ ಅಭಿಪ್ರಾಯ. ಆದರೆ ಹಾಗೆ ಬಿಡುವಾದ ಹೊತ್ತಿನಲ್ಲಿ ಮಗು ಎಲ್ಲಿಗೆ ಹೋಗಬೇಕು ಎಂಬುದನ್ನು ಯಾವ ಕಾನೂನೂ ಹೇಳಲಾರದು.

ಮತ್ತೆ, ಆ ಹೊತ್ತಿನಲ್ಲಿ ನಾವು ಎಲ್ಲಿರುತ್ತೇವೆ? ಹನ್ನೆರಡು ಗಂಟೆ ಚೀಲ ಹೊತ್ತು ಬಂದವನಿಗೆ ಜಗುಲಿಯ ಮೇಲೆ ಕೂಡಲು ಸೊಂಟದಲ್ಲಿ ಶಕ್ತಿಯಿರುವುದಿಲ್ಲ. ಹಗಲೆಲ್ಲ ಬೀಡಿ ಸುತ್ತಿ, ಸಂಜೆ ಒಲೆಯ ಮುಂದೆ ನಿಂತ ತಾಯಿಗೆ ಮಗು ಅರ್ಧ ಗಂಟೆ ಸುಮ್ಮನಿದ್ದರೆ ಸಾಕು. ಅವಳ ಕೈಗೆ ಬೇರೆ ಯಾರೂ ನೆರವಿಗೆ ಬಾರದಿದ್ದಾಗ ಬಂದದ್ದು ಆ ಫೋನು. ಎಂಟು ಗಂಟೆಯ ಕೆಲಸ ಎಂಬ ಬೇಡಿಕೆಯನ್ನು ನಾವು ಕೂಲಿಯ ಲೆಕ್ಕದಲ್ಲೇ ಆಡುತ್ತ ಬಂದಿದ್ದೇವೆ. ಮಿಲ್ಲಿನ ಮಾಲೀಕರ ಮುಂದೆ ಈ ಸಲ ಕುಳಿತಾಗ, ಸಂಜೆ ಆರಕ್ಕೆ ಮನೆಯಲ್ಲಿರಬೇಕು, ಮಕ್ಕಳಿದ್ದಾರೆ ಎಂದೇ ಹೇಳಬೇಕೆಂದು ನನ್ನ ಸಲಹೆ.

ಕೊನೆಗೆ ಕೆಲಸದ ಮಾತು. ಮುಂದಿನ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಾಣಲು ಹೋಗುತ್ತೇವೆ. ಸಂಜೆ ಆರೂವರೆಯವರೆಗೆ ಬಯಲು ತೆರೆದಿಡಲಿ, ಬೀಗದ ಕೈಯ ಹೊಣೆ ನಮ್ಮದು ಎಂದು ಬರೆದ ಅರ್ಜಿಗೆ ಇಲ್ಲಿಯೇ ಸಹಿ ಹಾಕಿ ಹೋಗಿರಿ. ರಸ್ತೆಯುಬ್ಬಿನ ಅರ್ಜಿ ಬೇರೆ ಇದೆ. ಜಗುಲಿಯ ಪಾಳಿಗೆ ಹೆಸರು ಕೊಡುವವರು ಅಜ್ಜನ ಹತ್ತಿರ ಕೊಡಿರಿ. ಇದುವರೆಗೆ ಬಂದ ಹೆಸರುಗಳೆಲ್ಲ ಹೆಂಗಸರದೇ, ಗಂಡಸರು ಸ್ವಲ್ಪ ಮುಂದೆ ಬರಬೇಕು. ಮೂಲೆಯಂಗಡಿಯ ಯಜಮಾನರು ಚೆಂಡು ಬಿದ್ದು ಬಿಸ್ಕತ್ತಿನ ಭರಣಿ ಒಡೆಯಿತೆಂದು ದೂರು ಕೊಟ್ಟಿದ್ದಾರೆ. ದೂರು ನ್ಯಾಯವಾದದ್ದು. ಅದಕ್ಕಾಗಿ ಈ ಡಬ್ಬಿ ಇಟ್ಟಿದ್ದೇವೆ. ದಂಡದ ಹತ್ತು ರೂಪಾಯಿ ನನ್ನದು ಆಗಲೇ ಅದರಲ್ಲಿದೆ, ಭರಣಿಗೆ ಇನ್ನೂ ನೂರಾ ಹತ್ತು ಬೇಕು.